ಚಿವುಟಿದ ಮೂಗು

ದಿಬ್ಬದಲ್ಲಿ ಅಂಗೈಯಗಲದ ಮಣ್ಣಿನ ಹೆಣ್ಣುಗೊಂಬೆಯೊಂದು ಸಿಕ್ಕಿದ್ದೇ ತಡ, ಹಳೇ ಕಾಲದ ಕುರುಹು ಹುಡುಕಿ ಅಗೆಸಲು ಬಂದಿದ್ದ ಸರ್ಕಾರಿ ಸಾಹೇಬರು ಸುತ್ತಲೂ ಬೇಲಿ ಹಾಕಿಸತೊಡಗಿದರು. ಕುಂಬಾರ ಮಾನಪ್ಪ ಓಡಿ ಬಂದ. ಅವನ ಗಡಿಗೆಗಳಿಗೆಲ್ಲ ಮಣ್ಣು ಬರುತ್ತಿದ್ದದ್ದು ಅದೇ ದಿಬ್ಬದಿಂದ.

"ಮೂರು ಸಾವಿರ ವರ್ಷದ್ದು," ಎಂದರು ಸಾಹೇಬರು. "ಮೂಗು ನೋಡು, ಬರೀ ಚಿವುಟಿಬಿಟ್ಟಿದ್ದಾರೆ. ಬುದ್ಧಿ ಬಲಿಯದ ಕಾಡುಜನ!"

"ಎಲ್ಲೀ ಮೂರು ಸಾವಿರರೀ ಸಾಹೇಬ್ರ? ಅದು ನಮ್ಮ ಗುಳ್ಳವ್ವ. ಹ್ವಾದ ಆಷಾಢದಾಗ ಹುಡುಗ್ಯಾರ ಪೂಜಾಕ್ಕ ನಾನಽ ಮಾಡಿಕೊಟ್ಟಿದ್ದೆ," ಎಂದು ಮಾನಪ್ಪ ಹಸೀ ಸುಳ್ಳು ಬಿಟ್ಟ.

"ನನಗೇ ಬೊಗಳೆ ಬಿಡ್ತೀಯಾ? ಎಲ್ಲಿ, ಇಲ್ಲೇ ಮಾಡಿ ತೋರಿಸು."

ಮಾನಪ್ಪ ಒಂದು ಹಿಡಿ ಮಣ್ಣು ನಾದಿದ. ಅಜ್ಜಿ ಕಲಿಸಿದಂತೆ ಎರಡೇ ಬೆರಳಲ್ಲಿ ಮೂಗು ಚಿವುಟಿ, ಸಾಹೇಬರು ಒಮ್ಮೆ ಸೀನಿ ಮೂಗೊರೆಸಿಕೊಳ್ಳುವಷ್ಟರಲ್ಲಿ ಗೊಂಬೆ ಮುಂದಿಟ್ಟ. ಎರಡೂ ಥೇಟ್ ಅವಳಿಜವಳಿ.

"ಈಗೇನಂತೀರಿ? ಬೇಲಿ ಕೀಳಸ್ರಿ ಮತ್ತ!" ಎಂದು ಮೀಸೆ ತಿರುವಿದ.

ಸಾಹೇಬರು ಎರಡೂ ಗೊಂಬೆಗಳನ್ನು ನೋಡಿದರು. ಆಮೇಲೆ ಮಾನಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೂಲಿಯಾಳುಗಳತ್ತ ಕೂಗಿದರು:

"ದಿಬ್ಬ ಬಿಡ್ರೋ! ಆ ಕಾಡುಜನದಲ್ಲಿ ಒಂದು ಇನ್ನೂ ಜೀವಂತ ಉಳಿದಿದೆ, ಬೇಲಿ ಇದರ ಸುತ್ತ ಹಾಕಿ."