ಫಕೀರಪ್ಪನ ಮನೆಯ ನೀರು

ಊರಿನಲ್ಲಿ ಮನೆಯೊಳಗಿನ ದುಃಖ ಆ ಮನೆಯ ನೀರಿಗೆ ಇಳಿಯತೊಡಗಿ ಒಂಬತ್ತು ವರ್ಷವಾಗಿತ್ತು. ಬೀದಿಯ ಪೈಪಿನಲ್ಲಿ ಒತ್ತಡ ಕಡಿಮೆಯಾದರೆ ಆ ನೀರು ಹಿಂದಕ್ಕೆ ಹರಿದು ಅದಕ್ಕೆ ಸೇರುತ್ತಿತ್ತು, ಕುಡಿದವರೆಲ್ಲ ಅಳುತ್ತಿದ್ದರು. ಹಾಗಾಗದಂತೆ ಸಾವಾದ ಮನೆಗಳಿಗೆ ವಾಲ್ವ್ ಕೂರಿಸುವುದು ಶಿವಲೀಲಾಳ ಕೆಲಸ. ಅಂದು ಅದು ಆರನೆಯ ಮನೆ. ಹೆಂಡತಿಯನ್ನು ಕಳೆದುಕೊಂಡ ಫಕೀರಪ್ಪ ಪೈಪಿಗೆ ಅಡ್ಡ ನಿಂತ.

"ಇದನ್ನ ಹಾಕಿದ್ರ ನಾ ಒಬ್ಬನ ಅಳಬೇಕಲ್ಲವ್ವಾ."

"ಮುಂದ ಸಾಲಿ ಐತಿ ಕಾಕಾ. ನಿನ್ನೆಯಿಂದ ಮಕ್ಕಳು ಅಳೂದು ನಿಲ್ಲಿಸಿಲ್ರಿ."

ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಅವಳು ವಾಲ್ವ್ ಬಿಗಿದಳು. ರಟ್ಟೆಗಳು ಸೋತಿದ್ದವು, ಇನ್ನೂ ಎರಡು ಮನೆಗಳು ಉಳಿದಿದ್ದವು. ಆದರೂ ಅವಳು ಅವನ ಅಡುಗೆಮನೆಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು, ಪೂರ್ತಿ ಕುಡಿದು, ಅವನ ಪಕ್ಕದಲ್ಲಿ ಕುಳಿತಳು.