ತಂಗಿಯೆದುರು ಅಂಗಾಲು

ಸೆಮಿಸಿಯ ಅಂಗಾಲಿನ ಆಣಿಯನ್ನು ಅವನ ತಂಗಿ ಮೆಲೆನೈತೆ ಬ್ಲೇಡಿನಿಂದ ಪದರ ಪದರವಾಗಿ ಹೆರೆಯುತ್ತಿದ್ದಳು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಟೋಂಗಾದಲ್ಲಿ ತಂಗಿಯ ಸ್ಥಾನ ಅಣ್ಣನಿಗಿಂತ ಮೇಲು; ಬೆಳೆದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತವರಲ್ಲ, ಮಾತಿದ್ದರೆ ಮೂರನೆಯವರ ಮೂಲಕ. ಆದರೆ ದ್ವೀಪದ ದವಾಖಾನೆಯಲ್ಲಿ ಕಾಲು ನೋಡುವ ನರ್ಸ್ ಅವಳೊಬ್ಬಳೇ.

“ನೋಯ್ತಿದೆಯಾ ಕೇಳಿ ಅತ್ತಿಗೆ.”

“ಎಲ್ಲಿಯ ನೋವು!” ಸೆಮಿಸಿಯ ಹೆಂಡತಿ ಲೋಸೆ ನಕ್ಕಳು. “ವರ್ಷಪೂರ್ತಿ ಕುಂಟಿದ್ರು. ಸಕ್ಕರೆ ಕಾಯಿಲೆ ಇದೆ, ತೋರಿಸ್ಕೊಳ್ಳಿ ಅಂದ್ರೆ, ‘ತಂಗಿ ಮುಂದೆ ಕಾಲು ಚಾಚ್ಲೇನೇ?’ ಅಂತ ನನ್ಮೇಲೇ ಹಾರಾಡಿದ್ರು. ಹೋದ ತಿಂಗಳು ನೋವು ತಾನಾಗೇ ಹೋಯ್ತು. ವಾಸನೆ ತಡೀಲಾರ್ದೆ ನಾನೇ ಎಳ್ಕೊಂಡು ಬಂದೆ.”

ಕೊನೆಯ ಪದರ ಕಳಚಿತು. ಕೆಳಗೆ ಕಪ್ಪಾಗಿ ಕೊಳೆತ ಗುಳಿಯಿತ್ತು. ಮೆಲೆನೈತೆ ಅದರೊಳಗೆ ಸಣ್ಣ ಕಡ್ಡಿ ಇಳಿಸಿದಳು. ಅದು ಎಲುಬಿಗೆ ತಾಗಿತು. ಅಣ್ಣನ ಕಾಲು ಅಲುಗಲೇ ಇಲ್ಲ.

“ಗುಣ ಆಗಿದೆ ಅಂತ ಹೇಳೇ ಅವಳಿಗೆ,” ಎಂದ ಸೆಮಿಸಿ, ಗೋಡೆ ನೋಡುತ್ತಲೇ.

ಮೆಲೆನೈತೆ ಬ್ಲೇಡು ಕೆಳಗಿಟ್ಟು ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅಣ್ಣಾ,” ಎಂದಳು, ನೇರವಾಗಿ ಅವನಿಗೇ.

ಸೆಮಿಸಿ ನಿಧಾನವಾಗಿ ಇತ್ತ ತಿರುಗಿ, ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅವಳ ಮುಖವನ್ನು ನೆಟ್ಟು ನೋಡಿದ.

“ಎಲ್ಲೀತನಕ ಕತ್ತರಿಸ್ತಾರಮ್ಮಾ?”