ಚಮಚ ಬೇಡದ ಇಬ್ಬರು

ಪ್ರಮಾಣವಚನಕ್ಕೆ ತಪ್ಪಿ ನಡೆದ ಸದಸ್ಯರ ಬಲಗೈ ಅಂದೇ ಮರಗಟ್ಟುತ್ತದೆ. ಹಾಗಾಗಿ ಪುರಸಭೆಯ ಕ್ಯಾಂಟೀನಿನಲ್ಲಿ ಅವರಿಗೆ ಕೇಳದೆಯೇ ಚಮಚ ಇಡುತ್ತಾರೆ, ಅವರು ಎಡಗೈಯಲ್ಲಿ ಉಣ್ಣುತ್ತಾರೆ. ಇನ್ನೂ ಕೈಯಲ್ಲಿ ಕಲಸಿ ಉಣ್ಣುತ್ತಿದ್ದವರು ದಾಕ್ಷಾಯಿಣಿ ಮತ್ತು ಅವಳ ಗೆಳತಿ ಹಾಲಮ್ಮ, ಇಬ್ಬರೇ.

ಇವತ್ತು ಕೆರೆಯಂಗಳ ಮಾರುವ ಠರಾವು ಗುಪ್ತ ಮತದಾನದಲ್ಲಿ ಪಾಸಾಯಿತು. ವಿರುದ್ಧವಾಗಿ ಎರಡು ಮತ ಬೀಳಬೇಕಿತ್ತು, ಬಿದ್ದದ್ದು ಒಂದು.

ಊಟಕ್ಕೆ ಕೂತಾಗ ಹಾಲಮ್ಮ ತಟ್ಟೆ ಮುಟ್ಟಲಿಲ್ಲ.

“ಒಂದು ಚಮಚ ಕೊಡಪ್ಪ,” ಎಂದಳು ಬಡಿಸುವವನಿಗೆ.

“ಎಲ್ಲಾ ಕೊಟ್ಟಾಯ್ತಕ್ಕ. ನಿಮಗಂತ ಇಟ್ಟೇ ಇರ್ಲಿಲ್ಲ.”

ದಾಕ್ಷಾಯಿಣಿ ಗೆಳತಿಯ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಅನ್ನಕ್ಕೆ ಸಾರು ಕಲಸತೊಡಗಿದಳು.

“ಬಿಸಿ ಐತೇನೇ?” ಎಂದು ಹಾಲಮ್ಮ ಮೆಲ್ಲಗೆ ಕೇಳಿದಳು.

“ಸುಡ್ತೈತಿ,” ಎಂದಳು ದಾಕ್ಷಾಯಿಣಿ, ಕಲಸುವುದನ್ನು ನಿಲ್ಲಿಸದೆ.